ದೂರಿನ ಪೆಟ್ಟಿಗೆ ಹೇಳದ್ದನ್ನು ಮನೆಬಾಗಿಲು ಹೇಳಿತು: ಬೆಂಗಳೂರಿನ ಹೆರಿಗೆ ಆಸ್ಪತ್ರೆಗಳ ಸಮೀಕ್ಷೆಯ ಪ್ರಕರಣ

ಹೆತ್ತ ತಾಯಿ ತನ್ನ ಮಗುವಿನ ಮುಖ ನೋಡಲು ದುಡ್ಡು ಕೊಡಬೇಕು. ಇಪ್ಪತ್ತೈದು ವರ್ಷಗಳ ಹಿಂದೆ ಬೆಂಗಳೂರಿನ ಪಾಲಿಕೆ ಹೆರಿಗೆ ಆಸ್ಪತ್ರೆಗಳಲ್ಲಿ ಇದು ಗುಟ್ಟಾಗಿಯೇನೂ ನಡೆಯುತ್ತಿರಲಿಲ್ಲ. ಕೊಳಗೇರಿಯ ಪ್ರತಿ ಮನೆಗೂ ಗೊತ್ತಿತ್ತು, ಆಯಾಗಳಿಗೆ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಕಡತಕ್ಕೆ ಮಾತ್ರ. ಬರೆದ ದೂರು ಇಲ್ಲ ಎಂದರೆ ತೊಂದರೆಯೇ ಇಲ್ಲ ಎಂಬುದು ಕಚೇರಿಯ ಲೆಕ್ಕ. ಆ ಲೆಕ್ಕವನ್ನು ತಪ್ಪೆಂದು ತೋರಿಸಿದ್ದು ಒಂದು ಸಮೀಕ್ಷೆ. ಅದು ಎಲ್ಲಿ ಗೆದ್ದಿತು, ಎಲ್ಲಿ ನಿಂತುಹೋಯಿತು, ಯಾರನ್ನು ಕೇಳದೆ ಬಿಟ್ಟಿತು ಎಂಬುದನ್ನು ಇಲ್ಲಿ ಬಿಡಿಸಿ ನೋಡುತ್ತೇನೆ. ಆರೋಗ್ಯ ಸೇವೆಯಾಗಲಿ ಅಂಗವಿಕಲರ ಸೇವೆಯಾಗಲಿ, ಜನರ ಅಭಿಪ್ರಾಯ ಕೇಳಿ ಸುಧಾರಿಸುತ್ತೇವೆ ಎಂದು ಹೊರಡುವವರಿಗೆ ಇದಕ್ಕಿಂತ ಹತ್ತಿರದ ಪಾಠ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಹಿನ್ನೆಲೆ

1993ರಲ್ಲಿ ಸ್ಯಾಮ್ಯುಯೆಲ್ ಪಾಲ್ ಮತ್ತು ಕೆಲವು ನಾಗರಿಕರು ಸೇರಿ ಬೆಂಗಳೂರಿನಲ್ಲಿ ಒಂದು ಹೊಸ ಕೆಲಸಕ್ಕೆ ಕೈಹಾಕಿದರು. ಪಾಲ್ ಅಹಮದಾಬಾದಿನ ಐಐಎಂ ನಿರ್ದೇಶಕರಾಗಿದ್ದವರು, ವಿಶ್ವಬ್ಯಾಂಕಿನಲ್ಲಿ ದುಡಿದವರು. ನೀರು, ಕರೆಂಟು, ಟೆಲಿಫೋನು, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ಪಾಲಿಕೆ, ಸರ್ಕಾರಿ ಆಸ್ಪತ್ರೆ, ಬ್ಯಾಂಕು, ಆರ್‌ಟಿಓ ಹೀಗೆ ಜನ ದಿನಬೆಳಗಾದರೆ ಎದುರಿಸುವ ಕಚೇರಿಗಳಿಗೆ ಜನರಿಂದಲೇ ಅಂಕ ಕೊಡಿಸಬೇಕು ಎಂಬುದು ಯೋಜನೆ. ಶಾಲೆಯಲ್ಲಿ ಮಕ್ಕಳಿಗೆ ಅಂಕಪಟ್ಟಿ ಕೊಡುತ್ತಾರಲ್ಲ, ಹಾಗೆ. ಅದಕ್ಕೇ ನಾಗರಿಕ ವರದಿ ಕಾರ್ಡ್ ಎಂಬ ಹೆಸರು. ಮಾರುಕಟ್ಟೆ ಸಮೀಕ್ಷೆ ಮಾಡುವ ಖಾಸಗಿ ಸಂಸ್ಥೆಯ ಕೈಲಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಕೇಳಿಸಿದರು. ಮಧ್ಯಮ ವರ್ಗದ ಮನೆಗಳನ್ನೂ ಕೊಳಗೇರಿಯ ಮನೆಗಳನ್ನೂ ಬೇರೆಬೇರೆಯಾಗಿ ಕೇಳಿದ್ದು ಆ ಕಾಲಕ್ಕೆ ದೊಡ್ಡ ವಿವೇಕ. ಎರಡನ್ನೂ ಕಲಸಿ ಒಂದು ಸರಾಸರಿ ತೆಗೆದಿದ್ದರೆ ಬಡವರ ಮಾತು ಅದರಲ್ಲಿ ಕರಗಿಹೋಗುತ್ತಿತ್ತು.

ಫಲಿತಾಂಶ ಬಂದಾಗ ಊರೇ ಬೆಚ್ಚಿತು. ಬಿಡಿಎ ಸೇವೆ ತೃಪ್ತಿ ತಂದಿದೆ ಎಂದವರು ನೂರಕ್ಕೆ ಒಬ್ಬರು. ಇದ್ದುದರಲ್ಲಿ ಮೇಲು ಎನಿಸಿಕೊಂಡ ಸರ್ಕಾರಿ ಆಸ್ಪತ್ರೆಗಳಿಗೆ ಸಿಕ್ಕಿದ್ದು ನೂರಕ್ಕೆ 25. ಟೈಮ್ಸ್ ಆಫ್ ಇಂಡಿಯಾ ಪತ್ರಿಕೆ ವಾರವಾರವೂ ಒಂದೊಂದು ಕಚೇರಿಯ ಅಂಕ ಅಚ್ಚು ಹಾಕಿತು. 1994ರಲ್ಲಿ ಪಾಲ್ ಅವರು ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಕಟ್ಟಿದರು. 1999ರಲ್ಲಿ ಎರಡನೇ ಕಾರ್ಡು, 2003ರಲ್ಲಿ ಮೂರನೇ ಕಾರ್ಡು ಬಂತು. ಮೊದಲು ಮುಖ ತಿರುಗಿಸಿದ್ದ ಇಲಾಖೆಗಳು ನಿಧಾನಕ್ಕೆ ಮಾತುಕತೆಗೆ ಕೂತವು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದ ಮೇಲೆ ನಗರದ ಸುಧಾರಣೆಗೆಂದು ಮಾಡಿದ, ನಂದನ್ ನಿಲೇಕಣಿ ನೇತೃತ್ವದ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಎಂಬ ಸಮಿತಿ ಕೂಡ ಇದೇ ದಾರಿಯಲ್ಲಿ ಜನರ ಅಭಿಪ್ರಾಯ ಅಳೆಯಿತು. ಮೂರನೇ ಕಾರ್ಡಿನ ಹೊತ್ತಿಗೆ ಬಹಳಷ್ಟು ಸೇವೆಗಳ ಅಂಕ ಎದ್ದು ಕಾಣುವಂತೆ ಮೇಲೇರಿತ್ತು.

ಇದು ಎಲ್ಲರೂ ಹೇಳುವ ಕಥೆ. ನನಗೆ ಮುಖ್ಯವೆನಿಸುವುದು ಇದರ ಮಗ್ಗುಲಲ್ಲೇ ನಡೆದ ಸಣ್ಣ ಸಮೀಕ್ಷೆ.

ಹೆರಿಗೆ ಆಸ್ಪತ್ರೆಗೆ ಪ್ರಶ್ನೆ

ಬೆಂಗಳೂರು ಮಹಾನಗರ ಪಾಲಿಕೆ ಬಡ ಹೆಂಗಸರಿಗಾಗಿ ಹೆರಿಗೆ ಆಸ್ಪತ್ರೆಗಳನ್ನೂ ಬಡಾವಣೆ ಮಟ್ಟದ ಆರೋಗ್ಯ ಕೇಂದ್ರಗಳನ್ನೂ ನಡೆಸುತ್ತಿತ್ತು. ಆ ಕೇಂದ್ರಗಳಲ್ಲಿ ಹಲವು ವಿಶ್ವಬ್ಯಾಂಕಿನ ಸಾಲದ ಐಪಿಪಿ–8 ಎಂಬ ಕುಟುಂಬ ಕಲ್ಯಾಣ ಯೋಜನೆಯಲ್ಲಿ ಕಟ್ಟಿದವು. ಕಟ್ಟಡ ಇತ್ತು, ಮಂಚ ಇತ್ತು, ಸೇವೆ ಬಡವರಿಗೆಂದೇ ಇತ್ತು. ಮೊದಲ ಕಾರ್ಡುಗಳಲ್ಲಿ ಆಸ್ಪತ್ರೆ ಎಂದು ಒಟ್ಟಾಗಿ ಕೇಳಿದ್ದರಿಂದ ಇಂಥ ಕಡೆ ಒಳಗೆ ಏನಾಗುತ್ತಿದೆ ಎಂಬುದು ಬಿಡಿಬಿಡಿಯಾಗಿ ಬಂದಿರಲಿಲ್ಲ. ಹೀಗಾಗಿ 2000ದ ಆಸುಪಾಸಿನಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್, ಕೊಳಗೇರಿಗಳಲ್ಲಿ ಹೆಂಗಸರ ಜತೆ ಕೆಲಸ ಮಾಡುತ್ತಿದ್ದ ಸ್ವಯಂಸೇವಾ ಸಂಸ್ಥೆಗಳನ್ನು ಜತೆಗಿಟ್ಟುಕೊಂಡು ಈ ಆಸ್ಪತ್ರೆಗಳಿಗೇ ಪ್ರತ್ಯೇಕ ವರದಿ ಕಾರ್ಡು ಮಾಡಿತು. ಸೇವೆ ಪಡೆದ ಹೆಂಗಸರನ್ನೂ ಕೇಳಿದರು, ಅಲ್ಲಿ ದುಡಿಯುವ ಸಿಬ್ಬಂದಿಯನ್ನೂ ಕೇಳಿದರು.

ಬಂದ ಉತ್ತರಗಳಲ್ಲಿ ಕೊಳಕು ಶೌಚಾಲಯ, ನೀರಿಲ್ಲದ ನಲ್ಲಿ, ಸೊಳ್ಳೆ ಎಲ್ಲ ಇದ್ದವು. ಆದರೆ ಎದೆಗೆ ನಾಟುವುದು ದುಡ್ಡಿನ ವಿಷಯ. ಕೇಳಿದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಕೆಲಸಕ್ಕೆ ಲಂಚ ಕೊಟ್ಟಿದ್ದರು. ಅದರಲ್ಲೂ ಮಗುವನ್ನು ತೋರಿಸುವುದಕ್ಕೆ ಕೊಟ್ಟದ್ದು ಮತ್ತೆ ಮತ್ತೆ ಬಂತು.

ಇಂಥ ಉತ್ತರ ತಾನಾಗಿ ಬರುವುದಿಲ್ಲ. ಆರೋಗ್ಯ ಸಮೀಕ್ಷೆಗೆ ಮನೆಮನೆ ತಿರುಗಿದವರಿಗೆ ಈ ಬಗೆಯ ಮಾತುಕತೆ ಹೊಸದಲ್ಲ:

“ಆಸ್ಪತ್ರೆ ಹೆಂಗಿತ್ತಮ್ಮ?”

“ಚೆನ್ನಾಗಿತ್ತಕ್ಕಾ. ಮಗು ಚೆನ್ನಾಗಿದೆ, ನಾನು ಚೆನ್ನಾಗಿದೀನಿ, ಇನ್ನೇನ್ ಬೇಕು?”

“ದುಡ್ಡೇನಾದ್ರೂ ಖರ್ಚಾಯ್ತಾ?”

“ಇಲ್ಲಕ್ಕಾ, ಗೌರ್ಮೆಂಟ್ ಆಸ್ಪತ್ರೆ ಅಲ್ವಾ, ಫ್ರೀ.”

“ಆಯಮ್ಮಂಗೆ ಏನಾದ್ರೂ ಕೊಟ್ರಾ?”

“ಓ ಅದಾ? ಮಗು ತೋರಿಸ್ದಾಗ ಮುನ್ನೂರು. ಲೇಬರ್ ವಾರ್ಡಿಂದ ಆಚೆ ತಂದೋರಿಗೆ ನೂರು. ಬಟ್ಟೆ ತೊಳೆದೋಳಿಗೆ ಐವತ್ತು. ಅದು ಎಲ್ರೂ ಕೊಡ್ತಾರಲ್ಲಕ್ಕಾ, ಖುಷಿಗೆ.”

ಮೊದಲ ಪ್ರಶ್ನೆಗೇ ನಿಲ್ಲಿಸಿದ್ದರೆ ಈಕೆಯ ಹೆಸರಿನ ಮುಂದೆ ‘ಪೂರ್ಣ ತೃಪ್ತಿ’ ಎಂದು ಗುರುತು ಬೀಳುತ್ತಿತ್ತು. ಆಕೆ ಸುಳ್ಳು ಹೇಳುತ್ತಿಲ್ಲ. ಹೆರಿಗೆಯೆಂದರೆ ಜೀವಭಯ. ಬದುಕಿ ಬಂದ ಮೇಲೆ ಉಳಿದದ್ದೆಲ್ಲ ಆಕೆಗೆ ಸಣ್ಣದು. ಜೊತೆಗೆ, ಬಡವರು ಸರ್ಕಾರಿ ಸೇವೆಯಿಂದ ನಿರೀಕ್ಷಿಸುವುದೇ ಕಡಿಮೆ. ಅದಕ್ಕೇ ತೃಪ್ತಿಯ ಪ್ರಶ್ನೆಯೊಂದನ್ನೇ ನಂಬಿದರೆ ಅತಿ ಕೆಟ್ಟ ಸೇವೆಗೂ ಒಳ್ಳೆಯ ಅಂಕ ಬೀಳುತ್ತದೆ. ಸೌಕರ್ಯವಂತರು ಹತ್ತು ನಿಮಿಷ ಕಾದದ್ದಕ್ಕೆ ಸಿಟ್ಟಾಗುತ್ತಾರೆ, ಬಡವರು ಅರ್ಧ ದಿನ ಕಾದು ‘ಪರವಾಗಿಲ್ಲ’ ಅನ್ನುತ್ತಾರೆ.

ನಾಗರಿಕ ವರದಿ ಕಾರ್ಡಿನ ಜಾಣತನ ಇರುವುದು ಇಲ್ಲಿ. ಅದು ತೃಪ್ತಿಯನ್ನೂ ಕೇಳಿತು. ಆದರೆ ಅಷ್ಟಕ್ಕೇ ಬಿಡದೆ ಎಷ್ಟು ಸಲ ಹೋಗಬೇಕಾಯಿತು, ಕೆಲಸ ಆಯಿತೇ, ಕೊಟ್ಟದ್ದೆಷ್ಟು, ಸಿಬ್ಬಂದಿ ಹೇಗೆ ನಡೆದುಕೊಂಡರು ಎಂದು ನಡೆದದ್ದನ್ನು ಕೇಳಿತು. ಕಣ್ಣಾರೆ ಕಂಡದ್ದನ್ನು, ಕೈಯಾರೆ ಕೊಟ್ಟದ್ದನ್ನು ಹೇಳಲು ಯಾರಿಗೂ ಓದು ಬೇಕಿಲ್ಲ. ಅಧಿಕಾರಿಗೂ ಅಂಥ ಉತ್ತರವನ್ನು ಅಭಿಪ್ರಾಯ ಭೇದ ಎಂದು ತಳ್ಳಿಹಾಕುವುದು ಕಷ್ಟ.

ಎಲ್ಲಿ ಕೇಳಿದರು ಎಂಬುದೂ ಅಷ್ಟೇ ದೊಡ್ಡದು. ಡಿಸ್ಚಾರ್ಜ್ ಚೀಟಿ ಇನ್ನೂ ಕೈಗೆ ಬಂದಿಲ್ಲ, ಸಿಸ್ಟರ್ ಪಕ್ಕದಲ್ಲೇ ನಿಂತಿದ್ದಾರೆ, ಮುಂದಿನ ತಿಂಗಳು ಚುಚ್ಚುಮದ್ದಿಗೆ ಮತ್ತೆ ಇಲ್ಲಿಗೇ ಬರಬೇಕು. ಆಗ ಫಾರಂ ಕೊಟ್ಟು ‘ನಮ್ಮ ಸೇವೆ ಹೇಗಿತ್ತು’ ಎಂದರೆ ಯಾವ ತಾಯಿ ತಾನೆ ಬಾಯಿ ಬಿಡುತ್ತಾಳೆ? ದೂರಿನ ಪೆಟ್ಟಿಗೆಯ ಕಥೆಯೂ ಅದೇ. ಅದು ಇರುವುದು ವೈದ್ಯಾಧಿಕಾರಿಯ ಕೋಣೆಯ ಎದುರು. ಚೀಟಿ ಹಾಕುವವಳ ಮುಖ ಎಲ್ಲರಿಗೂ ಕಾಣುತ್ತದೆ. ಮನೆಯಲ್ಲಿ ಕೂತು, ಪರಿಚಯದ ಸಂಘದ ಅಕ್ಕ ಕೇಳಿದಾಗ ಮಾತ್ರ ಆ ಮುನ್ನೂರು, ನೂರು, ಐವತ್ತು ಹೊರಗೆ ಬಂದಾವು.

ಆಮೇಲೆ ಆದದ್ದು

ಪಾಲಿಕೆಯ ಮುಂದೆ ಫಲಿತಾಂಶ ಇಟ್ಟರು. ಚರ್ಚೆಯಾಯಿತು. ಹೆರಿಗೆ ಆಸ್ಪತ್ರೆಗಳಿಗೆ ನಾಗರಿಕ ಸನ್ನದು ಬರೆಯುವುದೆಂದು, ಆಸ್ಪತ್ರೆಗೆ ಬಂದು ನೋಡಿಕೊಳ್ಳುವ ಸಂದರ್ಶಕರ ಮಂಡಳಿ ಮಾಡುವುದೆಂದು ತೀರ್ಮಾನವಾಯಿತು. ಯಾವ ಸೇವೆ ಉಚಿತ, ಯಾರಿಗೆ ದೂರಬೇಕು ಎಂಬುದು ಗೋಡೆಯ ಮೇಲೆ ಬರುವ ದಾರಿಯಾಯಿತು. ಸಮೀಕ್ಷೆಯೊಂದು ಇಷ್ಟು ದೂರ ತಂದದ್ದೇ ಹೆಚ್ಚು. ನಮ್ಮಲ್ಲಿ ನಡೆಯುವ ಸಮೀಕ್ಷೆಗಳಲ್ಲಿ ಬಹುಪಾಲು ಬಿಡುಗಡೆ ಸಮಾರಂಭದ ಹಾರದೊಂದಿಗೇ ಮುಗಿಯುತ್ತವೆ.

ಆದರೆ 2005ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬೆಂಗಳೂರಿನ ಹೆರಿಗೆ ಆಸ್ಪತ್ರೆಗಳ ಬಗ್ಗೆ ಒಂದು ದೊಡ್ಡ ವರದಿ ಬರೆಯಿತು. ಗಂಡು ಮಗು ನೋಡಲು 12 ಡಾಲರ್, ಹೆಣ್ಣು ಮಗು ನೋಡಲು 7 ಡಾಲರ್ ಎಂದು ದರ ಇತ್ತು ಅದರಲ್ಲಿ. ಅಂದಿನ ಲೆಕ್ಕಕ್ಕೆ ಸುಮಾರು 500 ರೂಪಾಯಿ ಮತ್ತು 300 ರೂಪಾಯಿ. ಐಟಿ ನಗರಿ ಎಂದು ಲೋಕವೆಲ್ಲ ಹೊಗಳುತ್ತಿದ್ದ ಹೊತ್ತಿನಲ್ಲಿ ಸಮೀಕ್ಷೆ ಬಯಲಿಗೆಳೆದಿದ್ದ ಅದೇ ವಸೂಲಿ ಹಾಗೆಯೇ ಉಳಿದಿತ್ತು. ಹೆಣ್ಣು ಹುಟ್ಟಿದರೆ ಖುಷಿ ಕಡಿಮೆ, ಅದಕ್ಕೆ ದರವೂ ಕಡಿಮೆ ಎಂಬ ಲೆಕ್ಕಾಚಾರ ಓದಿದಾಗ ಇಂದಿಗೂ ಹೊಟ್ಟೆ ಉರಿಯುತ್ತದೆ.

ಬಿಡಿಎ, ನೀರು, ಟೆಲಿಫೋನುಗಳ ಅಂಕ ಏರುವಾಗ ಇಲ್ಲಿ ಲಂಚ ಯಾಕೆ ಜಗ್ಗಲಿಲ್ಲ? ನನಗೆ ಕಾಣುವ ಕಾರಣ ಹೀಗಿದೆ. ಟೆಲಿಫೋನ್ ಬಿಲ್ಲು ಕಂಪ್ಯೂಟರಿಗೆ ಹೋದರೆ ನಡುವಿನ ಮನುಷ್ಯನ ಕೈ ತಪ್ಪುತ್ತದೆ. ಆಸ್ತಿ ತೆರಿಗೆ ನಾವೇ ಲೆಕ್ಕ ಹಾಕಿ ಕಟ್ಟುವಂತಾದರೆ ಇನ್ಸ್‌ಪೆಕ್ಟರ್ ಮನೆಗೆ ಬರುವುದು ತಪ್ಪುತ್ತದೆ. ಹೆರಿಗೆಗೆ ಅಂಥ ದಾರಿಯಿಲ್ಲ. ನೋವಿನಲ್ಲಿರುವ ಹೆಣ್ಣು, ಪಕ್ಕದಲ್ಲಿ ಆಯಾ, ಮಧ್ಯರಾತ್ರಿ. ಆ ಹೊತ್ತಿನ ಬಲ ಪೂರ್ತಿ ಒಬ್ಬರ ಕೈಲೇ ಇರುತ್ತದೆ. ಇನ್ನೊಂದು ಕಾರಣ, ಬಿಡಿಎ ಬಗ್ಗೆ ದೂರಿದವರು ಪತ್ರಿಕೆ ಓದುವವರು, ಪತ್ರ ಬರೆಯುವವರು, ಅಧಿಕಾರಿಗಳ ನೆಂಟರು. ಪಾಲಿಕೆ ಹೆರಿಗೆ ಆಸ್ಪತ್ರೆಗೆ ಹೋಗುವವರಲ್ಲಿ ಅಂಥವರು ಯಾರೂ ಇಲ್ಲ. ಸಮೀಕ್ಷೆ ಅವರ ಮಾತನ್ನು ಒಮ್ಮೆ ಮೇಲಕ್ಕೆ ಮುಟ್ಟಿಸಿತು. ಮತ್ತೆ ಮತ್ತೆ ಮುಟ್ಟಿಸುವ ಏರ್ಪಾಡು ನೆಲೆಯೂರಲಿಲ್ಲ. ಮೂರನೆಯದು, ಆಯಾಗಳ ಕಡೆಯಿಂದಲೂ ನೋಡಬೇಕು. ಗುತ್ತಿಗೆಯಲ್ಲಿ ದುಡಿಯುವವರಿಗೆ ಸಂಬಳ ತಿಂಗಳುಗಟ್ಟಲೆ ತಡವಾದರೆ ‘ಖುಷಿ’ಯೇ ಸಂಬಳವಾಗುತ್ತದೆ. ಗೋಡೆಯ ಮೇಲಿನ ಸನ್ನದು ಆ ತೂತನ್ನು ಮುಚ್ಚಲಾರದು.

ಮುಂದೆ ಬಂದ ಏರ್ಪಾಡುಗಳು ಈ ಪಾಠವನ್ನು ಅಲ್ಲಲ್ಲಿ ಕಲಿತವು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಒಂಬತ್ತು ರಾಜ್ಯಗಳಲ್ಲಿ ಸಮುದಾಯ ಉಸ್ತುವಾರಿಯ ಪ್ರಯೋಗ ನಡೆಯಿತು, ಕರ್ನಾಟಕವೂ ಅದರಲ್ಲಿತ್ತು. ಊರಿನವರೇ ಕೂತು ತಮ್ಮ ಆರೋಗ್ಯ ಕೇಂದ್ರಕ್ಕೆ ಹಸಿರು, ಹಳದಿ, ಕೆಂಪು ಬಣ್ಣ ಕೊಡುತ್ತಿದ್ದರು. ಆಮೇಲೆ ಜನ ಸಂವಾದದಲ್ಲಿ ಡಾಕ್ಟರ ಎದುರೇ ಆ ಹಾಳೆ ಬಿಚ್ಚುತ್ತಿದ್ದರು. ಅಂಕಿಸಂಖ್ಯೆ ಬಲ್ಲವರು ಇದನ್ನು ಸಮೀಕ್ಷೆ ಎಂದು ಒಪ್ಪಲಿಕ್ಕಿಲ್ಲ. ನನಗೆ ಮಾತ್ರ ಇದು ಹೆಚ್ಚು ಪ್ರಾಮಾಣಿಕ ಅನಿಸುತ್ತದೆ, ಏಕೆಂದರೆ ಉತ್ತರ ಕೊಟ್ಟವರೇ ಫಲಿತಾಂಶ ನೋಡುತ್ತಾರೆ, ಅದೇ ಊರಿನಲ್ಲಿ, ಅದೇ ವಾರ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಔಷಧಿ, ಊಟ, ವಾಹನ ಎಲ್ಲವೂ ಉಚಿತ ಎಂಬುದು ತಾಯಿಯ ಹಕ್ಕಾಯಿತು.

2016ರಲ್ಲಿ ಕೇಂದ್ರ ಸರ್ಕಾರ ‘ಮೇರಾ ಅಸ್ಪತಾಲ್’ ತಂದಿತು. ಆಸ್ಪತ್ರೆಯಿಂದ ಹೋದ ಮೇಲೆ ಮೊಬೈಲಿಗೆ ಸಂದೇಶವೋ ಕರೆಯೋ ಬರುತ್ತದೆ. ತೃಪ್ತಿಯಿಲ್ಲ ಎಂದರೆ ಕಾರಣ ಏನು, ಸಿಬ್ಬಂದಿಯ ವರ್ತನೆಯೋ, ಸ್ವಚ್ಛತೆಯೋ, ಖರ್ಚೋ, ಚಿಕಿತ್ಸೆಯೋ ಎಂದು ಕೇಳುತ್ತದೆ. ಆಸ್ಪತ್ರೆಯ ಹೊರಗೆ ಕೇಳುತ್ತದೆ ಎಂಬುದು ಒಳ್ಳೆಯದು. ಆದರೆ ನೋಂದಣಿ ಚೀಟಿಯಲ್ಲಿ ಬರೆಸಿದ ನಂಬರು ಯಾರದು? ಬಹಳ ಮನೆಗಳಲ್ಲಿ ಗಂಡನದು. ಹೆತ್ತವಳ ಅನುಭವ ಕೇಳುವ ಕರೆ ವಾರ್ಡಿನ ಒಳಗೆ ಕಾಲಿಡದ ಗಂಡಸಿನ ಕಿವಿಗೆ ಬೀಳುತ್ತದೆ.

ಕೇಳದೆ ಉಳಿದವರು

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ನಾಗರಿಕ ವರದಿ ಕಾರ್ಡು ಮಧ್ಯಮ ವರ್ಗವನ್ನೂ ಕೊಳಗೇರಿಯನ್ನೂ ಬೇರೆ ಮಾಡಿ ನೋಡಿತು. ಕಿವಿ ಕೇಳದ ತಾಯಿ, ಕಣ್ಣು ಕಾಣದ ತಾಯಿ, ಪೋಲಿಯೋದಿಂದ ಕಾಲು ಸೋತ ತಾಯಿ ಏನೆಂದಳು ಎಂಬುದು ಬೇರೆಯಾಗಿ ನಮ್ಮ ಮುಂದೆ ಬರಲಿಲ್ಲ. ಆ ಕಾಲದ ಸಮೀಕ್ಷೆಗಳಲ್ಲಿ ಅದು ವಾಡಿಕೆಯೇ ಆಗಿರಲಿಲ್ಲ, ಈಗಲೂ ವಾಡಿಕೆಯಾಗಿಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಹೆಂಗಸರಿದ್ದಾರೆ, ಅವರಿಗೂ ಹೆರಿಗೆಯಾಗುತ್ತದೆ.

ಲೇಬರ್ ವಾರ್ಡನ್ನು ಕಿವುಡ ಹೆಣ್ಣಿನ ಜಾಗದಲ್ಲಿ ನಿಂತು ನೋಡೋಣ. ಅಲ್ಲಿ ಎಲ್ಲವೂ ಮಾತಿನಲ್ಲೇ ನಡೆಯುತ್ತದೆ. “ಮುಕ್ಕಮ್ಮಾ, ಇನ್ನೊಂದ್ಸಲ ಮುಕ್ಕು”, “ಈಗ ಬೇಡ, ಉಸಿರು ಬಿಡು”, “ಕಾಲು ಅಗಲ ಮಾಡು”. ಸಿಸ್ಟರ್ ಮುಖಕ್ಕೆ ಮಾಸ್ಕ್ ಇದೆ, ತುಟಿ ನೋಡಿ ತಿಳಿಯುವಂತೆಯೂ ಇಲ್ಲ. ಸಂಜ್ಞೆ ಬಲ್ಲ ಅಕ್ಕನೋ ಅಮ್ಮನೋ ಬಾಗಿಲ ಹೊರಗೆ ನಿಂತಿದ್ದಾರೆ, ಒಳಗೆ ಬಿಡುವುದಿಲ್ಲ. ಹೇಳಿದ ಮಾತು ಕೇಳುವುದಿಲ್ಲ ಎಂದು ತೊಡೆಗೆ ಒಂದು ಏಟು ಬಿದ್ದರೆ ಅದು ಯಾಕೆ ಬಿತ್ತು ಎಂಬುದೂ ಆಕೆಗೆ ಗೊತ್ತಾಗುವುದಿಲ್ಲ. ಕಾಲಿಗೆ ಶಕ್ತಿಯಿಲ್ಲದವಳಿಗೆ ಆ ಎತ್ತರದ ಟೇಬಲ್ ಹತ್ತುವುದೇ ಮೊದಲ ಯುದ್ಧ. ಹೆರಿಗೆಯಾದ ಮೇಲೆ ಕೂರಬೇಕಾದ ಶೌಚಾಲಯದಲ್ಲಿ ಹಿಡಿದುಕೊಳ್ಳಲು ಕಂಬಿಯಿಲ್ಲ.

ಸಮೀಕ್ಷೆಯವರು ಈಕೆಯ ಮನೆಗೆ ಬಂದರೆ ಏನಾಗುತ್ತದೆ? ಅತ್ತೆ ಬಾಗಿಲಿಗೆ ಬರುತ್ತಾರೆ. “ಅವಳಿಗೆ ಮಾತು ಬರಲ್ಲ, ನಾನೇ ಹೇಳ್ತೀನಿ ಕೇಳಿ.” ಫಾರಂ ತುಂಬುತ್ತದೆ. ಉತ್ತರ ಕೊಟ್ಟವರು ಅತ್ತೆ ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಫೋನ್ ಸಮೀಕ್ಷೆಯಾದರಂತೂ ಆಕೆ ಮೊದಲೇ ಹೊರಗೆ, ಕರೆ ಬಂದದ್ದೇ ಆಕೆಗೆ ತಿಳಿಯುವುದಿಲ್ಲ.

ಇದನ್ನು ಸರಿಪಡಿಸಲು ಭಾರೀ ವೆಚ್ಚವೇನೂ ಬೇಡ. ವಾಷಿಂಗ್ಟನ್ ಗ್ರೂಪ್ ಎಂಬ ಅಂತರರಾಷ್ಟ್ರೀಯ ತಂಡ ರೂಪಿಸಿದ ಆರು ಸಣ್ಣ ಪ್ರಶ್ನೆಗಳಿವೆ. ನೋಡುವುದು, ಕೇಳುವುದು, ನಡೆಯುವುದು, ನೆನಪಿಟ್ಟುಕೊಳ್ಳುವುದು, ಸ್ನಾನ–ಬಟ್ಟೆಯಂಥ ಸ್ವಂತ ಕೆಲಸ, ಇತರರೊಂದಿಗೆ ಮಾತುಕತೆ. ಇವುಗಳಲ್ಲಿ ಕಷ್ಟವಿದೆಯೇ ಎಂದು ಕೇಳಿ ‘ಇಲ್ಲ, ಸ್ವಲ್ಪ, ಬಹಳ, ಆಗುವುದೇ ಇಲ್ಲ’ ಎಂಬ ನಾಲ್ಕರಲ್ಲಿ ಒಂದನ್ನು ಗುರುತಿಸಬೇಕು. ‘ನಿಮ್ಮ ಮನೆಯಲ್ಲಿ ಅಂಗವಿಕಲರಿದ್ದಾರಾ’ ಎಂದು ನೇರ ಕೇಳಿದರೆ ಜನ ಇಲ್ಲ ಎನ್ನುತ್ತಾರೆ, ಅದರಲ್ಲೂ ಮದುವೆಯಾಗದ ಹುಡುಗಿಯಿದ್ದರೆ. ‘ಮೆಟ್ಟಿಲು ಹತ್ತಲು ಕಷ್ಟವೇ’ ಎಂದರೆ ಹೇಳುತ್ತಾರೆ. ಸರ್ಟಿಫಿಕೇಟ್ ಇದ್ದವರನ್ನು ಮಾತ್ರ ಎಣಿಸುವುದೂ ತಪ್ಪು ದಾರಿ: 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನಲ್ಲಿ ದೇಶದ ಅಂಗವಿಕಲರ ಪೈಕಿ ಪ್ರಮಾಣಪತ್ರ ಇದ್ದವರು ನೂರಕ್ಕೆ 29ರಷ್ಟು ಮಾತ್ರ. ಸರ್ಟಿಫಿಕೇಟಿನ ಸರತಿಯಲ್ಲಿ ಸೋತವರೇ ಸೇವೆಯ ಬಗ್ಗೆ ಹೆಚ್ಚು ಹೇಳಬಲ್ಲವರು.

ಯಾರು ಕೇಳಬೇಕು ಎಂಬುದಕ್ಕೆ ನಮ್ಮ ರಾಜ್ಯದಲ್ಲಿ ಒಂದು ಸಿದ್ಧ ಉತ್ತರ ಇದೆ ಎಂದು ಹಲವರು ಹೇಳುತ್ತಾರೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಎಲ್ಲರೂ ವಿಆರ್‌ಡಬ್ಲ್ಯೂ ಎಂದೇ ಕರೆಯುತ್ತಾರೆ. ಅವರೂ ಅಂಗವಿಕಲರೇ, ಅಲ್ಪ ಗೌರವಧನಕ್ಕೆ ಮನೆಮನೆ ತಿರುಗುತ್ತಾರೆ, ಯಾರ ಮನೆಯಲ್ಲಿ ಯಾರಿದ್ದಾರೆಂದು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಮನೆ ಗುರುತಿಸುವ ಕೆಲಸ ಅವರದೇ ಆಗಲಿ. ಆದರೆ ಪಿಂಚಣಿ ಅರ್ಜಿ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಎಲ್ಲ ಅವರ ಮೂಲಕವೇ ಹೋಗುವಾಗ ಆ ಸೇವೆಯ ಬಗ್ಗೆ ದೂರನ್ನು ಅವರ ಎದುರೇ ಹೇಳಿ ಎನ್ನುವುದು ಸರಿಯಲ್ಲ. ಪಕ್ಕದ ತಾಲೂಕಿನವರು ಬಂದು ಕೇಳಲಿ. ಕಿವುಡರ ಮನೆಗೆ ಸಂಜ್ಞೆ ಬಲ್ಲವರು ಹೋಗಲಿ. ಬುದ್ಧಿಮಾಂದ್ಯತೆ ಇರುವವರಿಗೆ ಚಿತ್ರದ ಹಾಳೆ ಕೊಟ್ಟು ನಗುಮುಖವೋ ಅಳುಮುಖವೋ ತೋರಿಸಲು ಬಿಡಲಿ. ತಾಯಿ–ತಂದೆ ಉತ್ತರಿಸಿದರೆ ಉತ್ತರ ಅವರದ್ದು ಎಂದು ಫಾರಮಿನಲ್ಲೇ ಬರೆಯಲಿ. ಪ್ರಶ್ನೆಗಳೂ ನಡೆದದ್ದನ್ನು ಹಿಡಿಯುವಂತಿರಲಿ: ಸರ್ಟಿಫಿಕೇಟಿಗೆ ಜಿಲ್ಲಾಸ್ಪತ್ರೆಗೆ ಎಷ್ಟು ಸಲ ಹೋದಿರಿ, ಪ್ರತಿ ಸಲ ಬಾಡಿಗೆ ಗಾಡಿಗೆ ಎಷ್ಟಾಯಿತು, ಜತೆಗೆ ಬಂದವರ ಕೂಲಿ ಎಷ್ಟು ಹೋಯಿತು, ಡಾಕ್ಟರ್ ನಿಮ್ಮನ್ನು ಕೇಳಿದರೋ ಜತೆಯವರನ್ನು ಕೇಳಿದರೋ, ಕೊಟ್ಟ ಗಾಲಿಕುರ್ಚಿ ನಿಮ್ಮ ಮನೆ ಬಾಗಿಲಲ್ಲಿ ಹಿಡಿಯುತ್ತದೆಯೇ. ಈ ಕೊನೆಯ ಪ್ರಶ್ನೆ ಕೇಳಿದರೆ ಶಿಬಿರದಲ್ಲಿ ಹಂಚಿದ ಎಷ್ಟು ಕುರ್ಚಿ ಕೊಟ್ಟಿಗೆಯಲ್ಲಿವೆ ಎಂಬುದು ಬಯಲಾಗುತ್ತದೆ.

ಈಗೇನು ಮಾಡಬಹುದು

ಬೆಂಗಳೂರು ಮಹಾನಗರ ಪಾಲಿಕೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. 2025ರ ಸೆಪ್ಟೆಂಬರಿನಲ್ಲಿ ಅದೂ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳಾಗಿವೆ. ಆಡಳಿತ ಕೈ ಬದಲಾಗುವಾಗ ಮೊದಲು ಕಳೆದುಹೋಗುವುದು ಇಂಥ ಹಳೆಯ ಸನ್ನದು, ಮಂಡಳಿ, ಒಪ್ಪಂದಗಳೇ. ಹೊಸ ಬೋರ್ಡು ಹಾಕುವ ಹೊತ್ತಿನಲ್ಲೇ ಹೆರಿಗೆ ಆಸ್ಪತ್ರೆಗಳ ವರದಿ ಕಾರ್ಡನ್ನು ಮತ್ತೆ ಮಾಡಬೇಕು. ಹಳೆಯ ಪ್ರಶ್ನೆಗಳನ್ನು ಹಾಗೆಯೇ ಇಟ್ಟುಕೊಂಡರೆ ಕಾಲು ಶತಮಾನದಲ್ಲಿ ಏನು ಬದಲಾಗಿದೆ ಎಂದು ಹೋಲಿಸಬಹುದು. ಅದಕ್ಕೆ ವಾಷಿಂಗ್ಟನ್ ಗ್ರೂಪಿನ ಆ ಆರು ಪ್ರಶ್ನೆ ಸೇರಿಸಿದರೆ ಅಂಗವಿಕಲ ತಾಯಂದಿರ ಅಂಕ ಬೇರೆಯಾಗಿ ಸಿಗುತ್ತದೆ. ಅಂಥ ತಾಯಂದಿರ ಸಂಖ್ಯೆ ಕಡಿಮೆಯಿದ್ದರೆ ಮಾದರಿಗೆ ಬರಲಿ ಎಂದು ಕಾಯದೆ ಹುಡುಕಿಕೊಂಡು ಹೋಗಿ ಕೇಳಬೇಕು.

ಹಣ ಮೀಸಲಿಡುವಾಗ ಒಂದು ಪಾಲನ್ನು ಫಲಿತಾಂಶ ವಾಪಸು ಒಯ್ಯುವುದಕ್ಕೆಂದೇ ಎತ್ತಿಡಿ ಎಂಬುದು ನನ್ನ ಒತ್ತಾಯ. ಆಸ್ಪತ್ರೆವಾರು ಅಂಕವನ್ನು ಒಂದು ಹಾಳೆಯಲ್ಲಿ, ದೊಡ್ಡ ಅಕ್ಷರದ ಕನ್ನಡ, ತಮಿಳು, ಉರ್ದು, ತೆಲುಗಿನಲ್ಲಿ ಅಚ್ಚು ಹಾಕಿಸಿ, ಕೇಳಿದ ಬೀದಿಗಳಲ್ಲೇ ಅಂಗನವಾಡಿ ಅಂಗಳದಲ್ಲಿ ಓದಿ ಹೇಳಬೇಕು. ಅಲ್ಲಿ ವೈದ್ಯಾಧಿಕಾರಿ ಇರಬೇಕು, ಆಯಾಗಳ ಪ್ರತಿನಿಧಿ ಇರಬೇಕು, ಗುತ್ತಿಗೆದಾರನೂ ಇರಬೇಕು. ಮೂರು ತಿಂಗಳು ಬಿಟ್ಟು ಆಗಷ್ಟೇ ಹೆತ್ತ ತಾಯಂದಿರ ಇನ್ನೊಂದು ಗುಂಪಿಗೆ, ಅವರ ಮನೆಯಲ್ಲೇ ಕೂತು, ಅದೇ ಪ್ರಶ್ನೆ ಕೇಳಬೇಕು: ಮಗು ತೋರಿಸಲು ಎಷ್ಟು ಕೊಟ್ಟಿರಿ?